ಇದ್ದಿಲಿನ ಸ್ಮೋಕರ್‌ಗೆ ಸ್ವಯಂಚಾಲಿತ ತಾಪಮಾನ ಕಂಟ್ರೋಲರ್: ಎರಡು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ಮಾಂಸವನ್ನು ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಒಲೆಯಾದ ಇದ್ದಿಲಿನ ಸ್ಮೋಕರ್‌ನಲ್ಲಿ ಹಂದಿಯ ಭುಜದಂಥ ದೊಡ್ಡ ತುಂಡು ಹದವಾಗಿ ಬೇಯಲು 10ರಿಂದ 14 ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತೂ ಒಳಗಿನ ಬಿಸಿ 107ರಿಂದ 121 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲಬೇಕು. ಕೈಯಿಂದಲೇ ಅದನ್ನು ಕಾಯುವವರು ರಾತ್ರಿ ಗಂಟೆಗೊಮ್ಮೆ ಎದ್ದು, ಟಾರ್ಚ್ ಹಿಡಿದು ಮುಚ್ಚಳದ ಮೇಲಿನ ಮಾಪಕವನ್ನು ನೋಡಿ, ಕೆಳಗಿನ ಗಾಳಿಕಿಂಡಿಯನ್ನು ಕೂದಲೆಳೆಯಷ್ಟು ಸರಿಸಿ ಬಂದು ಮಲಗುತ್ತಾರೆ. ಹಾಗೆ ಸರಿಸಿದ್ದರ ಫಲ ಕಾಣಲು ಮತ್ತೆ 20 ನಿಮಿಷ ಬೇಕಾದ್ದರಿಂದ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ನಾನು ಆರು ವರ್ಷ ಹೀಗೆಯೇ ಕಾದಿದ್ದೇನೆ. ಎರಡು ವರ್ಷಗಳ ಹಿಂದೆ ಫ್ಯಾನ್ ಸಹಿತವಾದ ಒಂದು ಸ್ವಯಂಚಾಲಿತ ಕಂಟ್ರೋಲರ್ ಕೊಂಡೆ. ಅಂದಿನಿಂದ ನಲವತ್ತಕ್ಕೂ ಹೆಚ್ಚು ಬಾರಿ ಅದನ್ನು ಬಳಸಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಾಧನ ನೋಡಿಕೊಳ್ಳುವುದು ಗಾಳಿಯನ್ನು ಮಾತ್ರ. ಬೆಂಕಿಯನ್ನು ಹೂಡುವ ಹೊಣೆ ಕೊನೆಯವರೆಗೂ ನಮ್ಮದೇ. ಬೆಂಕಿಯನ್ನು ಸರಿಯಾಗಿ ಹೂಡಿದವರಿಗೆ ಇದು ಇಡೀ ರಾತ್ರಿಯ ನಿದ್ದೆಯನ್ನು ಕೊಡುತ್ತದೆ, ಹೂಡುವುದನ್ನೂ ಇದಕ್ಕೇ ಬಿಟ್ಟವರಿಗೆ ನಿರಾಸೆ ಕಾದಿರುತ್ತದೆ.

ಪೆಟ್ಟಿಗೆಯಲ್ಲಿ ಬರುವುದು ಅಂಗೈಯಗಲದ ಒಂದು ನಿಯಂತ್ರಣ ಘಟಕ, 12 ವೋಲ್ಟ್‌ನಲ್ಲಿ ಓಡುವ ಪುಟ್ಟ ಫ್ಯಾನ್, ಬಿಸಿ ಅಳೆಯಲು ಜಾಲರಿಯ ಮೇಲೆ ಕೂರಿಸುವ ಒಂದು ಪ್ರೋಬ್ ಮತ್ತು ಮಾಂಸಕ್ಕೆ ಚುಚ್ಚುವ ಎರಡು ಪ್ರೋಬ್‌ಗಳು. ಸ್ಮೋಕರ್‌ನ ಕೆಳಗಿನ ಒಂದು ಗಾಳಿಕಿಂಡಿಗೆ ತಗಡಿನ ಅಡಾಪ್ಟರ್ ಬಿಗಿದು ಅದಕ್ಕೆ ಫ್ಯಾನ್ ಜೋಡಿಸಬೇಕು, ಉಳಿದ ಕೆಳಗಿನ ಕಿಂಡಿಗಳನ್ನು ಪೂರ್ತಿ ಮುಚ್ಚಬೇಕು. ಅಲ್ಲಿಂದ ಮುಂದೆ ಕೆಂಡಕ್ಕೆ ಸಿಗುವ ಉಸಿರೆಲ್ಲ ಫ್ಯಾನಿನ ಬಾಯಿಂದಲೇ ಬರಬೇಕು ಎಂಬುದು ಇದರ ಲೆಕ್ಕಾಚಾರ. ಒಂದು ಕಿಲೋ ಒಳ್ಳೆಯ ಇದ್ದಿಲಿನಲ್ಲಿ ಸುಮಾರು 30 ಮೆಗಾಜೂಲ್‌ನಷ್ಟು ಶಾಖ ಅಡಗಿರುತ್ತದೆ. ಅದು ಅರ್ಧ ಗಂಟೆಯಲ್ಲಿ ಧಗಧಗಿಸಿ ಮುಗಿಯಬೇಕೋ, ಹಲವು ಗಂಟೆ ನಿಧಾನವಾಗಿ ಹೊರಬರಬೇಕೋ ಎಂಬುದನ್ನು ನಿರ್ಧರಿಸುವುದು ಆಮ್ಲಜನಕ. ಕುಲುಮೆಯಲ್ಲಿ ತಿದಿ ಒತ್ತುವವನ ಕೆಲಸವನ್ನೇ ಈ ಫ್ಯಾನ್ ಮಾಡುತ್ತದೆ, ಆದರೆ ಅವನ ಕೈಯಲ್ಲಿ ಕಬ್ಬಿಣ ಕೆಂಪಾಗಬೇಕು, ಇಲ್ಲಿ ಕೆಂಡ ಅರೆನಿದ್ದೆಯಲ್ಲೇ ಉಳಿಯಬೇಕು.

ಬಿಸಿ ಕಡಿಮೆಯಾದರೆ ಫ್ಯಾನ್ ಹಾಕುವುದು, ಹೆಚ್ಚಾದರೆ ನಿಲ್ಲಿಸುವುದು ಇಷ್ಟೇ ಆಗಿದ್ದರೆ ಅದಕ್ಕೆ ಸಾಧಾರಣ ಥರ್ಮೋಸ್ಟಾಟ್ ಸಾಕಿತ್ತು. ಇದ್ದಿಲಿನ ವಿಷಯದಲ್ಲಿ ಅದು ನಡೆಯುವುದಿಲ್ಲ, ಏಕೆಂದರೆ ಈಗ ಕೊಟ್ಟ ಗಾಳಿಗೆ ಕೆಂಡ ಉತ್ತರ ಕೊಡುವುದು ಕೆಲವು ನಿಮಿಷಗಳ ಮೇಲೆ, ಮತ್ತು ಒಮ್ಮೆ ಹೊತ್ತಿಕೊಂಡ ಇದ್ದಿಲು ಫ್ಯಾನ್ ನಿಂತ ಕೂಡಲೇ ತಣ್ಣಗಾಗುವುದಿಲ್ಲ. ಆದ್ದರಿಂದ ಒಳ್ಳೆಯ ಕಂಟ್ರೋಲರ್‌ಗಳು ಪಿಐಡಿ ಎಂಬ ಕ್ರಮವನ್ನು ಅನುಸರಿಸುತ್ತವೆ. ಈಗಿನ ತಾಪಮಾನ ಗುರಿಯಿಂದ ಎಷ್ಟು ದೂರ ಇದೆ, ಇಷ್ಟು ಹೊತ್ತಿನಲ್ಲಿ ಒಟ್ಟು ಎಷ್ಟು ತಪ್ಪಿದೆ, ಈ ಕ್ಷಣದಲ್ಲಿ ಅದು ಎಷ್ಟು ವೇಗವಾಗಿ ಏರುತ್ತಿದೆ ಅಥವಾ ಇಳಿಯುತ್ತಿದೆ ಎಂಬ ಮೂರು ಲೆಕ್ಕಗಳನ್ನು ಕೂಡಿಸಿ ಫ್ಯಾನ್ ಎಷ್ಟು ಓಡಬೇಕೆಂಬುದನ್ನು ಅವು ತೀರ್ಮಾನಿಸುತ್ತವೆ. ಈ ಗಣಿತವನ್ನು 1922ರಲ್ಲಿ ರಷ್ಯಾ ಮೂಲದ ಎಂಜಿನಿಯರ್ ನಿಕೊಲಾಸ್ ಮಿನೋರ್ಸ್ಕಿ ಬರೆದದ್ದು ಹಡಗಿನ ಚುಕ್ಕಾಣಿ ತಾನಾಗಿ ತಿರುಗಲೆಂದು. ನುರಿತ ಚುಕ್ಕಾಣಿಗರು ಹಡಗು ಈಗ ಎತ್ತ ವಾಲಿದೆ ಎಂಬುದನ್ನಷ್ಟೇ ನೋಡದೆ, ಅದು ಯಾವ ವೇಗದಲ್ಲಿ ತಿರುಗುತ್ತಿದೆ ಎಂಬುದನ್ನೂ ಗಮನಿಸುತ್ತಾರೆಂಬುದು ಅವರ ಕಣ್ಣಿಗೆ ಬಿದ್ದಿತ್ತು. ರಾತ್ರಿ ನಾನು ಟಾರ್ಚ್ ಹಿಡಿದು ಮಾಡುತ್ತಿದ್ದ ಅಂದಾಜೂ ಅದೇ ಜಾತಿಯದು, ಆದರೆ ನಾನು ಗಂಟೆಗೊಮ್ಮೆ ಮಾಡುತ್ತಿದ್ದುದನ್ನು ಈ ಪೆಟ್ಟಿಗೆ ಕೆಲವು ಸೆಕೆಂಡುಗಳಿಗೊಮ್ಮೆ ಮಾಡುತ್ತದೆ.

ಮೊದಲ ಬಳಕೆ ಕೆಟ್ಟಿತು. ಅದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊಸದಾಗಿ ಕೊಂಡವರಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ನಾನು ಅಭ್ಯಾಸದಂತೆ ಚಿಮಣಿಯ (ಇದ್ದಿಲು ಹೊತ್ತಿಸುವ ತಗಡಿನ ಕೊಳವೆ) ತುಂಬ ಇದ್ದಿಲನ್ನು ಕೆಂಡ ಮಾಡಿ ಬುಟ್ಟಿಗೆ ಸುರಿದೆ, ಮೇಲಿನ ಕಿಂಡಿಯನ್ನು ಪೂರ್ತಿ ತೆರೆದೆ, 110 ಡಿಗ್ರಿಗೆ ಗುರಿ ಇಟ್ಟು ಫ್ಯಾನ್ ಚಾಲು ಮಾಡಿದೆ. ಅರ್ಧ ಗಂಟೆಯಲ್ಲಿ ತಾಪಮಾನ 110 ದಾಟಿತು, ಫ್ಯಾನ್ ನಿಂತಿತು, ಆದರೆ ಏರಿಕೆ ನಿಲ್ಲಲಿಲ್ಲ. 120, 135, 150. ಪರದೆಯ ಮೇಲೆ ಫ್ಯಾನಿನ ವೇಗ ಸೊನ್ನೆ ಎಂದೇ ಇತ್ತು. ಕಂಟ್ರೋಲರ್‌ಗೆ ಬಿಸಿ ಮಾಡಲು ಬರುತ್ತದೆ, ತಣಿಸಲು ಬರುವುದಿಲ್ಲ. ಅದರ ಕೈಯಲ್ಲಿರುವುದು ಗಾಳಿ ಊದುವುದು ಅಥವಾ ಊದದೇ ಇರುವುದು, ಅಷ್ಟೇ. ಬಿಸಿಯಾದ ಗಾಳಿ ಮೇಲಿನ ಕಿಂಡಿಯಿಂದ ಹೊರಹೋಗುವಾಗ ಹೊರಗಿನ ಗಾಳಿಯನ್ನು ಸಂದುಗೊಂದುಗಳಿಂದಲೂ, ನಿಂತ ಫ್ಯಾನಿನ ರೆಕ್ಕೆಗಳ ನಡುವಿನಿಂದಲೂ ಒಳಗೆ ಎಳೆದುಕೊಳ್ಳುತ್ತದೆ. ಅಷ್ಟು ಗಾಳಿ ಸಾಕಾಗುವಷ್ಟು ಕೆಂಡವನ್ನು ನಾನೇ ಮೊದಲೇ ಒಳಗೆ ಇಟ್ಟಿದ್ದೆ.

ಎರಡನೆಯ ಬಾರಿ ಮೂರು ಬದಲಾವಣೆ ಮಾಡಿದೆ. ಬುಟ್ಟಿಯ ತುಂಬ ಹೊತ್ತಿಸದ ಇದ್ದಿಲನ್ನು ಹರಡಿ, ನಡುವೆ ಒಂದು ಗುಳಿ ಮಾಡಿ, ಅದರಲ್ಲಿ ಕೇವಲ ಹತ್ತು ಹನ್ನೆರಡು ತುಂಡು ಕೆಂಡವನ್ನು ಇಟ್ಟೆ. ಮಿನಿಯನ್ ವಿಧಾನವೆಂದು ಕರೆಯುವ ಈ ಕ್ರಮದಲ್ಲಿ ಬೆಂಕಿ ನಡುವಿನಿಂದ ಹೊರಗೆ ನಿಧಾನವಾಗಿ ಹಬ್ಬುತ್ತದೆ. ಮೇಲಿನ ಕಿಂಡಿಯನ್ನು ಕಿರುಬೆರಳು ತೂರುವಷ್ಟು ಮಾತ್ರ ಬಿಟ್ಟೆ. ಬಾಗಿಲಿನ ಅಂಚಿಗೂ ಮುಚ್ಚಳದ ಅಂಚಿಗೂ ಬಿಸಿ ತಡೆಯುವ ಗ್ಯಾಸ್ಕೆಟ್ ಪಟ್ಟಿ ಅಂಟಿಸಿದೆ. ಸೋರಿಕೆ ಎಲ್ಲಿದೆ ಎಂದು ನೋಡುವುದು ಸುಲಭ: ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸಿದರೆ ಹೊಗೆ ಯಾವ ಸಂದಿನಿಂದ ಹೊರಗೆ ಚಿಮ್ಮುತ್ತದೋ, ಫ್ಯಾನ್ ನಿಂತಾಗ ಗಾಳಿ ಒಳಬರುವ ದಾರಿ ಬಹುಮಟ್ಟಿಗೆ ಅದೇ. ಆ ದಿನ ಒಂದೂಕಾಲು ಗಂಟೆ ನಿಧಾನವಾಗಿ ಏರಿ 110 ಮುಟ್ಟಿದ ತಾಪಮಾನ ಮುಂದಿನ ಹನ್ನೊಂದು ಗಂಟೆಗಳಲ್ಲಿ ಮೂರು ಡಿಗ್ರಿಗಿಂತ ಹೆಚ್ಚು ಅತ್ತಿತ್ತ ಆಗಲಿಲ್ಲ. ಫ್ಯಾನಿನ ಸರಾಸರಿ ವೇಗ ಶೇಕಡ 10ರಿಂದ 15ರ ನಡುವೆ ಇತ್ತು. ಅದು ಶೇಕಡ 5ಕ್ಕಿಂತ ಕೆಳಗಿದ್ದರೆ ಸೋರಿಕೆ ಇದೆಯೆಂದೂ, 50ಕ್ಕಿಂತ ಮೇಲೆ ಹೋಗತೊಡಗಿದರೆ ಇದ್ದಿಲು ಮುಗಿಯುತ್ತ ಬಂದಿದೆ ಅಥವಾ ಬೂದಿ ಕಟ್ಟಿಕೊಂಡಿದೆ ಎಂದೂ ನಾನು ಈಗ ಓದಿಕೊಳ್ಳುತ್ತೇನೆ. ತಾಪಮಾನಕ್ಕಿಂತ ಮೊದಲೇ ಸುದ್ದಿ ಕೊಡುವ ಅಂಕಿ ಇದು.

ಬೂದಿಯ ಮಾತು ಬಂದದ್ದರಿಂದ ಹೇಳುತ್ತೇನೆ, ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಬ್ರಿಕೆಟ್‌ಗಳಿಗೂ ಮರದ ಗಟ್ಟಿ ಇದ್ದಿಲಿಗೂ ಇಲ್ಲಿ ಎದ್ದು ಕಾಣುವ ವ್ಯತ್ಯಾಸವಿದೆ. ಬ್ರಿಕೆಟ್‌ಗಳು ಒಂದೇ ಗಾತ್ರದವಾದ್ದರಿಂದ ಬೆಂಕಿ ಹಬ್ಬುವುದು ಸಮವಾಗಿರುತ್ತದೆ, ಆದರೆ ಹೆಚ್ಚು ಬೂದಿ ಬಿಡುತ್ತವೆ. ಬೂದಿ ಮುಚ್ಚಿದ ಕೆಂಡಕ್ಕೆ ಫ್ಯಾನಿನ ಗಾಳಿ ತಲುಪುವುದಿಲ್ಲ, ಕಂಟ್ರೋಲರ್ ಪಾಪ ಇನ್ನೂ ಜೋರಾಗಿ ಊದುತ್ತದೆ, ಆಗ ಬೂದಿಯ ಹಗುರ ಕಣಗಳು ಮೇಲೆದ್ದು ಮಾಂಸದ ಮೇಲೆ ಕೂರುತ್ತವೆ. ಒಮ್ಮೆ ಬೆಳಿಗ್ಗೆ ಮುಚ್ಚಳ ತೆಗೆದಾಗ ಕಪ್ಪು ಹೊರಪದರದ ಮೇಲೆ ಬಿಳಿಯ ನವಿರು ಪುಡಿ ಉದುರಿದ್ದನ್ನು ಕಂಡೆ. ಅಂದಿನಿಂದ ಫ್ಯಾನಿನ ಬಾಯಿಗೆ ಎದುರಾಗಿ ಬಾಗಿಸಿದ ಒಂದು ತಗಡಿನ ತುಂಡನ್ನು ನಿಲ್ಲಿಸುತ್ತೇನೆ. ಗಾಳಿ ಬೂದಿಯ ಮೇಲೆ ನೇರವಾಗಿ ಬೀಸದೆ ಗೋಡೆಯ ಬದಿಯಿಂದ ಸುತ್ತಿ ಬರುತ್ತದೆ.

ಮುಚ್ಚಳ ತೆರೆದಾಗ ಏನಾಗುತ್ತದೆ ಎಂಬುದರಲ್ಲಿ ಕಂಟ್ರೋಲರ್‌ಗಳ ಯೋಗ್ಯತೆ ಗೊತ್ತಾಗುತ್ತದೆ. ತೆರೆದ ಕೂಡಲೇ ಬಿಸಿ ಗಾಳಿ ಹೊರಟುಹೋಗಿ ಪ್ರೋಬ್ 110ರಿಂದ 80ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ತೆರೆದ ಬಾಯಿಂದ ಬೇಕಾದಷ್ಟು ಆಮ್ಲಜನಕ ಕೆಂಡಕ್ಕೆ ಸಿಗುತ್ತಿರುತ್ತದೆ. ಇದನ್ನು ತಿಳಿಯದ ಸಾಧನ ಬಿಸಿ ಇಳಿಯಿತೆಂದು ಫ್ಯಾನನ್ನು ಪೂರ್ತಿ ಓಡಿಸಿ, ಮುಚ್ಚಿದ ಹತ್ತು ನಿಮಿಷದಲ್ಲಿ ತಾಪಮಾನವನ್ನು 140ಕ್ಕೆ ಒಯ್ಯುತ್ತದೆ. ನನ್ನದು ಹಠಾತ್ ಇಳಿತವನ್ನು ಗುರುತಿಸಿ ಕೆಲವು ನಿಮಿಷ ಫ್ಯಾನನ್ನು ತಡೆಹಿಡಿಯುತ್ತದೆ, ಬಹುಪಾಲು ಸರಿಯಾಗಿಯೇ. ಕೊಳ್ಳುವವರು ಕೇಳಿ ನೋಡಬೇಕಾದ ಮೊದಲ ಗುಣ ಇದು, ಪರದೆಯ ಬಣ್ಣವೋ ಪ್ರೋಬ್‌ಗಳ ಸಂಖ್ಯೆಯೋ ಅಲ್ಲ.

ಪ್ರೋಬ್ ಎಲ್ಲಿ ಕೂರುತ್ತದೆ ಎಂಬುದರ ಬಗ್ಗೆ ಕೈಪಿಡಿಯಲ್ಲಿ ಎರಡೇ ಸಾಲು ಇತ್ತು, ಎರಡು ಪುಟ ಇರಬೇಕಿತ್ತು. ಕಂಟ್ರೋಲರ್‌ಗೆ ಇರುವ ಒಂದೇ ಕಣ್ಣು ಅದು. ತಣ್ಣನೆಯ ಮಾಂಸಕ್ಕೆ ತಗುಲಿಕೊಂಡಂತೆ ಇಟ್ಟರೆ ಅದರ ಸುತ್ತಲಿನ ತಂಪನ್ನೇ ಇಡೀ ಸ್ಮೋಕರ್‌ನ ತಾಪಮಾನವೆಂದು ಓದಿ ಬೆಂಕಿಯನ್ನು ಹೆಚ್ಚಿಸುತ್ತದೆ. ಕೆಂಡಕ್ಕೆ ನೇರವಾಗಿ ಮೇಲೆ, ಜಾಲರಿಯ ಅಂಚಿನಲ್ಲಿ ಇಟ್ಟರೆ ಬಿಸಿ ಸಾಕೆಂದು ತಿಳಿದು ಮಾಂಸವನ್ನು ತಣ್ಣಗೆ ಬಿಡುತ್ತದೆ. ಜಾಲರಿಯ ಮಟ್ಟದಲ್ಲಿ, ಮಾಂಸದಿಂದ ನಾಲ್ಕೈದು ಸೆಂಟಿಮೀಟರ್ ಆಚೆಗೆ, ಜಾಲರಿಯ ಕಂಬಿಗೆ ತಾಗದಂತೆ ಕ್ಲಿಪ್‌ನಲ್ಲಿ ಎತ್ತಿ ಹಿಡಿಸಿದಾಗ ನನಗೆ ಅತ್ಯಂತ ನಂಬಿಕೆಯ ಅಂಕಿ ಸಿಕ್ಕಿದೆ. ಮುಚ್ಚಳದ ಮೇಲಿನ ಮಾಪಕಕ್ಕೂ ಇದಕ್ಕೂ ಮೊದಲ ಎರಡು ಗಂಟೆಗಳಲ್ಲಿ ಹದಿನೈದು ಡಿಗ್ರಿಯವರೆಗೆ ವ್ಯತ್ಯಾಸ ಕಂಡಿದ್ದೇನೆ, ಅದಕ್ಕೆ ಗಾಬರಿಯಾಗಬೇಕಿಲ್ಲ.

ಪ್ರೋಬ್ ನಿಜ ಹೇಳುತ್ತಿದೆಯೇ ಎಂದು ಪರೀಕ್ಷಿಸಲು ಪುಡಿ ಮಾಡಿದ ಮಂಜುಗಡ್ಡೆ ತುಂಬಿ ನೀರು ಹಾಕಿದ ಲೋಟದಲ್ಲಿ ಅದ್ದಿದರೆ 0 ತೋರಿಸಬೇಕು, ಕುದಿಯುವ ನೀರಿನಲ್ಲಿ ಸಮುದ್ರಮಟ್ಟದಲ್ಲಾದರೆ 100 ತೋರಿಸಬೇಕು. ಎತ್ತರ 300 ಮೀಟರ್ ಏರಿದಂತೆ ಆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ನನ್ನ ಎರಡು ಮಾಂಸದ ಪ್ರೋಬ್‌ಗಳಲ್ಲಿ ಒಂದು ಎಂಟೇ ತಿಂಗಳಲ್ಲಿ ಕೆಟ್ಟಿತು. ಇವು ಥರ್ಮಿಸ್ಟರ್ ಜಾತಿಯವು, ಅಂದರೆ ಬಿಸಿಗೆ ತಕ್ಕಂತೆ ಬದಲಾಗುವ ವಿದ್ಯುತ್ ರೋಧದಿಂದ ತಾಪಮಾನ ಓದುವಂಥವು. ತಂತಿ ಸೇರುವ ಕುತ್ತಿಗೆಯಲ್ಲಿ ತೇವ ಹೊಕ್ಕರೆ ಓದಿದ್ದೆಲ್ಲ ಸುಳ್ಳಾಗುತ್ತದೆ. ತೊಳೆಯುವಾಗ ನೀರಿನಲ್ಲಿ ಮುಳುಗಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು, ತಂತಿಯನ್ನು ಮುಚ್ಚಳದ ಅಂಚಿಗೆ ಸಿಕ್ಕಿಸದೆ ಪಕ್ಕದ ರಂಧ್ರದಿಂದ ತೂರಿಸುವುದು, ಈ ಎರಡನ್ನು ಪಾಲಿಸಿದ ಮೇಲೆ ಇನ್ನೊಂದು ಕೆಟ್ಟಿಲ್ಲ. ಎರಡು ಬೇರೆ ಲೋಹಗಳ ತಂತಿಯನ್ನು ಬೆಸೆದು ಮಾಡಿದ ಥರ್ಮೋಕಪಲ್ ಪ್ರೋಬ್‌ಗಳು ಹೆಚ್ಚು ಬಿಸಿಯನ್ನು ತಾಳಿಕೊಳ್ಳುತ್ತವೆ. ಮತ್ತೊಮ್ಮೆ ಕೊಳ್ಳುವುದಾದರೆ ನಾನು ಆ ಬಗೆಯದನ್ನೇ ಆರಿಸುತ್ತೇನೆ.

ಈ ಸಾಧನದ ನಿಜವಾದ ಬೆಲೆ ನನಗೆ ತಿಳಿದದ್ದು ಮಾಂಸದ ತಾಪಮಾನ ಒಂದೇ ಕಡೆ ನಿಂತುಬಿಡುವ ಹೊತ್ತಿನಲ್ಲಿ. ಒಳಗಿನ ತಾಪಮಾನ 65ರಿಂದ 75 ಡಿಗ್ರಿಯ ನಡುವೆ ಎಲ್ಲೋ ಒಂದು ಕಡೆ ಏರುವುದನ್ನು ನಿಲ್ಲಿಸಿ ಮೂರು ನಾಲ್ಕು ಗಂಟೆ ಅಲ್ಲಿಯೇ ಇರುತ್ತದೆ. ಮೇಲ್ಮೈಯಿಂದ ಆವಿಯಾಗುವ ತೇವ ಶಾಖವನ್ನೆಲ್ಲ ಹೀರಿಕೊಂಡು ಮಾಂಸವನ್ನು ತಣಿಸುತ್ತಿರುವುದೇ ಕಾರಣ, ಮೈ ಬೆವರಿದಾಗ ತಂಪಾಗುವ ಹಾಗೆ. ಕೈಯಿಂದ ಕಾಯುವ ದಿನಗಳಲ್ಲಿ ಈ ಹೊತ್ತಿಗೆ ತಾಳ್ಮೆ ಕಳೆದುಕೊಂಡು ನಾನು ಕಿಂಡಿ ತೆರೆಯುತ್ತಿದ್ದೆ, ಬೆಂಕಿ ಏರುತ್ತಿತ್ತು, ಹೊರಪದರ ಕಹಿಯಾಗುವಷ್ಟು ಸುಡುತ್ತಿತ್ತು. ಈಗ ಮೊಬೈಲಿನಲ್ಲಿ ಎರಡು ಗೆರೆಗಳು ಕಾಣುತ್ತವೆ. ಮೇಲಿನದು 110ರಲ್ಲಿ ಅಲುಗದೆ ಇದೆ. ಕೆಳಗಿನದು ರಾತ್ರಿ ಒಂದೂವರೆಗೆ 68 ತಲುಪಿ ನಾಲ್ಕೂವರೆಯವರೆಗೆ ಅಲ್ಲೇ ಮಲಗಿ, ಆಮೇಲೆ ತಾನಾಗಿ ಎದ್ದು ನಡೆಯತೊಡಗಿದೆ. ಬೆಂಕಿ ಸ್ಥಿರವಾಗಿದೆ ಎಂದು ಕಣ್ಣಾರೆ ಕಂಡ ಮೇಲೆ ಕೈ ಹಾಕಬೇಕೆಂಬ ಆಸೆ ಹುಟ್ಟುವುದಿಲ್ಲ. ಅಂಟಿನ ನಾರು ಕರಗಿ ಜೆಲಾಟಿನ್ ಆಗುವ 90ರಿಂದ 95 ಡಿಗ್ರಿಯ ಹದಕ್ಕೆ ಅದು ತನ್ನ ವೇಳೆಯಲ್ಲಿ ಬಂದು ತಲುಪುತ್ತದೆ. ಭುಜದ ಮೂಳೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಮಾಂಸದ ಒಂದು ಎಳೆಯೂ ಅಂಟದೆ ನುಣುಪಾಗಿ ಹೊರಬಂದ ಆ ಮೊದಲ ಬೆಳಗಿನ ಸಂತೋಷ ನನಗೆ ಇಂದಿಗೂ ಹಾಗೆಯೇ ಇದೆ.

ನೀರಿನ ತಟ್ಟೆಯ ಬಗ್ಗೆ ನನ್ನ ಅಭ್ಯಾಸವೂ ಇದರಿಂದ ಬದಲಾಯಿತು. ಬೆಂಕಿಯ ಏರಿಳಿತವನ್ನು ನುಂಗಲೆಂದು ಸ್ಮೋಕರ್‌ನಲ್ಲಿ ನೀರು ಇಡುತ್ತಾರೆ. ಆದರೆ ಕುದಿಬಿಂದುವಿಗೆ ಬಂದ ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.26 ಮೆಗಾಜೂಲ್ ಬೇಕು. ನಾಲ್ಕು ಲೀಟರ್ ಆವಿಯಾಗುವ ಹೊತ್ತಿಗೆ ಮೊದಲು ಕಾಯಿಸಿದ್ದೂ ಸೇರಿ ಮುನ್ನೂರು ಗ್ರಾಂಗಿಂತ ಹೆಚ್ಚು ಇದ್ದಿಲು ನೀರಿಗೇ ಹೋಯಿತು. ಏರಿಳಿತವನ್ನು ಕಂಟ್ರೋಲರ್ ನೋಡಿಕೊಳ್ಳುತ್ತಿರುವಾಗ ಅದರ ಅಗತ್ಯವಿಲ್ಲ. ತಟ್ಟೆಯನ್ನು ಫಾಯಿಲ್ ಸುತ್ತಿ ಒಣಗಿದ್ದಂತೆಯೇ ಇಡುತ್ತೇನೆ, ಕೆಂಡದ ನೇರ ಬಿಸಿಯನ್ನು ತಡೆಯಲು ಅಷ್ಟು ಸಾಕು.

ಹೊಗೆಯ ವಿಷಯದಲ್ಲಿ ಪೂರ್ತಿ ಮೆಚ್ಚುಗೆ ಕೊಡಲಾರೆ. ಫ್ಯಾನ್ ಬಿಟ್ಟುಬಿಟ್ಟು ಊದುವುದರಿಂದ ಊದದ ಹೊತ್ತಿನಲ್ಲಿ ಮರದ ತುಂಡುಗಳು ಉಸಿರುಗಟ್ಟಿ ದಟ್ಟ ಬಿಳಿ ಹೊಗೆ ಬಿಡುತ್ತವೆ. ನಾಲಿಗೆಗೆ ಒಗರು ತರುವ ಹೊಗೆ ಅದು. ತೆಳುವಾದ ನೀಲಿ ಛಾಯೆಯ ಹೊಗೆ ಬೇಕಾದರೆ ಮರ ಚೆನ್ನಾಗಿ ಉರಿಯಬೇಕು. ಚಕ್ಕೆಗಳನ್ನು ಹಿಡಿಗಟ್ಟಲೆ ಎರಚುವುದನ್ನು ಬಿಟ್ಟು, ಮುಷ್ಟಿಗಾತ್ರದ ಮೂರು ನಾಲ್ಕು ಒಣ ತುಂಡುಗಳನ್ನು ಇದ್ದಿಲಿನ ನಡುವೆ ದೂರ ದೂರ ಹೂತಿಟ್ಟರೆ ಬೆಂಕಿ ಒಂದೊಂದನ್ನೇ ತಲುಪಿ ಹೊಗೆ ಹಗುರವಾಗಿರುತ್ತದೆ. ಮಾಂಸ ಇಡುವ ಮುನ್ನ ಮೊದಲ ಬಿಳಿ ಹೊಗೆ ಹೋಗುವವರೆಗೆ ಕಾಯುತ್ತೇನೆ. ಹೀಗೆ ಮಾಡಿದರೂ ಗಾಳಿಕಿಂಡಿಯನ್ನು ಕೈಯಿಂದ ಹದ ಮಾಡಿದ ದಿನದ ಹೊಗೆಯ ಪರಿಮಳ ಒಂದು ಗುಲಗಂಜಿಯಷ್ಟು ಮೇಲು ಎಂದೇ ನನ್ನ ಅನಿಸಿಕೆ.

ಆ್ಯಪ್ ಸಾಧಾರಣ. ವೈಫೈ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಸೇರುತ್ತದೆ, ಮನೆಯ ಗೋಡೆ ದಾಟಿ ಹೊರಗೆ ತಲುಪಲು ಅದೇ ಅನುಕೂಲ. ಆದರೆ ನನ್ನ ದೊಡ್ಡ ದೂರು ಇಲ್ಲಿದೆ. ಕಳೆದ ವರ್ಷ ಒಂದು ರಾತ್ರಿ ಎಕ್ಸ್‌ಟೆನ್ಷನ್ ವೈರಿನ ಪ್ಲಗ್ ಸಡಿಲವಾಗಿ ಕಂಟ್ರೋಲರ್ ಸತ್ತಿತು. ತಾಪಮಾನ ಇಳಿದರೆ ಕೂಗುವಂತೆ ಅಲಾರಂ ಇಟ್ಟಿದ್ದೆ, ಮೊಬೈಲ್ ಮಾತ್ರ ಮೌನವಾಗಿತ್ತು. ಕೂಗಬೇಕಾದ ಪೆಟ್ಟಿಗೆಯೇ ನಿಂತುಹೋಗಿದ್ದರಿಂದ ಯಾರೂ ಕೂಗಲಿಲ್ಲ, ಸಂಪರ್ಕ ತಪ್ಪಿದೆ ಎಂದು ಎಚ್ಚರಿಸುವ ಏರ್ಪಾಡು ಆ ಆ್ಯಪ್‌ನಲ್ಲಿ ಇರಲಿಲ್ಲ. ಬೆಳಗಿನ ಜಾವ ಎದ್ದಾಗ ಸ್ಮೋಕರ್ 78 ಡಿಗ್ರಿಗೆ ಇಳಿದಿತ್ತು. ಮಾಂಸ ಇನ್ನೂ 70ರಲ್ಲಿ ಇದ್ದುದರಿಂದ ಉಳಿಯಿತು. ಬ್ಯಾಕ್ಟೀರಿಯಾ ಬೇಗ ಬೆಳೆಯುವ 4ರಿಂದ 60 ಡಿಗ್ರಿಯ ಅಪಾಯದ ವಲಯಕ್ಕೆ ಅದು ಜಾರಿದ್ದರೆ ಎಸೆಯಲೇಬೇಕಾಗುತ್ತಿತ್ತು. ತಯಾರಕರಿಗೆ ಬರೆದೆ, ಮುಂದಿನ ಆವೃತ್ತಿಯಲ್ಲಿ ನೋಡುತ್ತೇವೆಂಬ ಒಂದು ಸಾಲಿನ ಉತ್ತರ ಬಂತು, ಇಂದಿಗೂ ಅದು ಬಂದಿಲ್ಲ. ರಾತ್ರಿಯಿಡೀ ನಂಬಿ ಮಲಗುವ ಸಾಧನದಲ್ಲಿ ಇದು ಸಣ್ಣ ಕೊರತೆಯಲ್ಲ. ನಾನು ಈಗ 12 ವೋಲ್ಟ್ ಕೊಡುವ ಪವರ್ ಬ್ಯಾಂಕ್‌ನಿಂದ ಅದನ್ನು ಓಡಿಸುತ್ತೇನೆ, ಬೇರೆಯದೇ ಒಂದು ತಂತಿರಹಿತ ಥರ್ಮಾಮೀಟರನ್ನೂ ಜೊತೆಗೆ ಇಡುತ್ತೇನೆ.

ಸುರಕ್ಷತೆಯ ಒಂದು ಮಾತು ಇಲ್ಲಿಯೇ ಸೇರಬೇಕು. ಅರೆಬರೆ ಗಾಳಿಯಲ್ಲಿ ಉರಿಯುವ ಇದ್ದಿಲು ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡನ್ನು ಧಾರಾಳವಾಗಿ ಬಿಡುತ್ತದೆ, ಕಂಟ್ರೋಲರ್ ಗಾಳಿಯನ್ನು ಕಡಿಮೆ ಮಾಡಿದಷ್ಟೂ ಅದು ಹೆಚ್ಚುತ್ತದೆ. ಮಳೆ ಬಂತೆಂದು ಗ್ಯಾರೇಜಿನೊಳಗೋ ಮುಚ್ಚಿದ ವರಾಂಡಕ್ಕೋ ಸ್ಮೋಕರನ್ನು ಎಂದಿಗೂ ಎಳೆದು ತರಬಾರದು. ಮಳೆಯಿಂದ ಕಾಪಾಡಬೇಕಾದದ್ದು ನಿಯಂತ್ರಣ ಘಟಕವನ್ನು. ಅದಕ್ಕೆ ಪಕ್ಕದಲ್ಲೊಂದು ಪ್ಲಾಸ್ಟಿಕ್ ಡಬ್ಬ ಸಾಕು.

ಎಲ್ಲ ಸ್ಮೋಕರ್‌ಗೂ ಇದು ಹೊಂದುವುದಿಲ್ಲ. ಬಂದೂಕಿನ ಗುಂಡಿನಾಕಾರದ ಲಂಬ ಸ್ಮೋಕರ್‌ಗಳಿಗೂ ಡ್ರಮ್‌ಗಳಿಗೂ ಚೆನ್ನಾಗಿ ಒಗ್ಗುತ್ತದೆ. ಕಮಾಡೋ ಎಂಬ ದಪ್ಪ ಸೆರಾಮಿಕ್ ಗೋಡೆಯ ಮೊಟ್ಟೆಯಾಕಾರದ ಒಲೆಗಳು ಎಷ್ಟು ಬಿಗಿಯಾಗಿರುತ್ತವೆಂದರೆ ತುಸುವೇ ಗಾಳಿ ಸಾಕು, ಆದರೆ ಒಮ್ಮೆ ಗುರಿ ದಾಟಿದರೆ ಆ ಗೋಡೆ ತಣಿಯಲು ಗಂಟೆಗಳೇ ಬೇಕು. ಗೆಳೆಯರೊಬ್ಬರ ಕಮಾಡೋದಲ್ಲಿ ಫ್ಯಾನಿನ ಗರಿಷ್ಠ ವೇಗವನ್ನು ಶೇಕಡ 30ಕ್ಕೆ ಕಟ್ಟಿಹಾಕಿದ ಮೇಲೆಯೇ ಅದು ಹದಕ್ಕೆ ಬಂದದ್ದು. ಪಕ್ಕದಲ್ಲಿ ಬೆಂಕಿಪೆಟ್ಟಿಗೆ ಇರುವ, ಸೌದೆ ಉರಿಸುವ ತೆಳು ತಗಡಿನ ಆಫ್‌ಸೆಟ್‌ಗಳಿಗೆ ಇದನ್ನು ಕೊಳ್ಳಬೇಡಿ. ಸೋರಿಕೆ ಬಹಳ, ಸೌದೆಗೆ ಬೇಕಾದ್ದು ಧಾರಾಳ ಗಾಳಿ. ಎರಡು ಮೂರು ಗಂಟೆಯಲ್ಲಿ ಮುಗಿಯುವ ಕೋಳಿಗಾಗಿಯೂ ಬೇಡ; ಅದರ ಚರ್ಮ ಗರಿಗರಿಯಾಗಲು 150 ಡಿಗ್ರಿಗಿಂತ ಹೆಚ್ಚಿನ ಉರಿ ಒಳ್ಳೆಯದು, ಒಳಗೆ 74 ಡಿಗ್ರಿ ಮುಟ್ಟಿದೆಯೇ ಎಂದು ನೋಡಲು ಒಂದು ಥರ್ಮಾಮೀಟರ್ ಸಾಕು. ಸ್ಮೋಕರನ್ನೇ ಈಗಷ್ಟೇ ಕೊಂಡವರು ಮೊದಲು ಏಳೆಂಟು ಬಾರಿ ಕೈಯಿಂದಲೇ ಬೆಂಕಿ ನಡೆಸಿ ನೋಡಲಿ ಎಂಬುದು ನನ್ನ ಬಲವಾದ ಸಲಹೆ. ಪ್ಲಗ್ ಕಳಚಿದ ಆ ಬೆಳಗಿನ ಜಾವ ನನ್ನನ್ನು ಕಾಪಾಡಿದ್ದು ಆ ಆರು ವರ್ಷಗಳ ಕೈಬಳಕೆಯೇ.

ಅಡುಗೆ ಮುಗಿದ ಮೇಲೆ ಸ್ವಿಚ್ ಆರಿಸಿ ಫ್ಯಾನನ್ನು ಅಲ್ಲಿಯೇ ಬಿಡಬಾರದು. ಊದುವುದು ನಿಂತ ಕೂಡಲೇ ಬಿಸಿ ಹೊಗೆ ಹಿಮ್ಮುಖವಾಗಿ ಅದರೊಳಗೆ ನುಗ್ಗಿ, ರೆಕ್ಕೆಗಳ ಮೇಲೆ ಜಿಡ್ಡು ಕಟ್ಟಿ, ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ನನ್ನ ಮೊದಲ ಫ್ಯಾನ್ ಹೋದದ್ದು ಹಾಗೆ. ಕೈಗವಸು ಹಾಕಿಕೊಂಡು ಫ್ಯಾನನ್ನು ಕಳಚಿ, ಅಡಾಪ್ಟರಿನ ಬಾಯಿಗೆ ಬಿರಡೆ ಹಾಕಿ, ಮೇಲಿನ ಕಿಂಡಿಯನ್ನೂ ಮುಚ್ಚಿದರೆ ಕೆಂಡ ತಾನಾಗಿ ಆರುತ್ತದೆ. ಮರುದಿನ ಬುಟ್ಟಿಯನ್ನು ಅಲುಗಿಸಿ ಬೂದಿ ಉದುರಿಸಿದರೆ ಗಟ್ಟಿ ಇದ್ದಿಲಿನಲ್ಲಿ ಮೂರನೆಯ ಒಂದು ಪಾಲಾದರೂ ಮುಂದಿನ ಬಾರಿಗೆ ಉಳಿದಿರುತ್ತದೆ.